ಅಡಿಟಿಪ್ಪಣಿಯಿಂದ ಓದುತ್ತಿದ್ದವರು

ಅವರು ಯಾವ ಲೇಖನವನ್ನೂ ಮೇಲಿನಿಂದ ಓದಿದ್ದನ್ನು ನಾನು ನೋಡಿಲ್ಲ. ಮೊಬೈಲು ಕೈಗೆ ಬಂದ ಕೂಡಲೇ ಹೆಬ್ಬೆರಳಿನಿಂದ ಸರಸರ ತಳ್ಳುತ್ತಾ, ಊರಿನ ಫೋಟೋ, ಇತಿಹಾಸ, ದೇವಸ್ಥಾನ, ಬೆಳೆ ಎಲ್ಲ ದಾಟಿ, ಕಟ್ಟಕಡೆಗೆ ಅಡಿಟಿಪ್ಪಣಿಗಳಿರುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಅಲ್ಲಿ ಏನೂ ಇಲ್ಲದಿದ್ದರೆ "ಹ್ಞೂಂ" ಎಂದು ಮೂಗಿನಲ್ಲೇ ಒಂದು ಉಸಿರು ಬಿಟ್ಟು ಮೊಬೈಲು ಕೆಳಗಿಡುತ್ತಿದ್ದರು. ಅಲ್ಲಿಗೆ ಆ ಲೇಖನದ ಕಥೆ ಮುಗಿದಂತೆಯೇ.

"ಅಲ್ಲ ಸಾರ್, ಮೇಲೆ ಎಷ್ಟು ಚೆನ್ನಾಗಿ ಬರ್ದಿದಾರೆ, ಅದನ್ನಾದ್ರೂ ನೋಡ್ರಿ" ಅಂದರೆ, "ಟೀಚರಮ್ಮ, ಚೀಲದ ಬಾಯಾಗೆ ಎಲ್ಲರೂ ಒಳ್ಳೆ ಅಡಿಕೇನೇ ಇಟ್ಟಿರ್ತಾರೆ. ಕೈ ತಳಕ್ಕೆ ಹಾಕ್ಬೇಕು" ಅನ್ನುತ್ತಿದ್ದರು.

ಅಡಿಕೆಯ ಮಾತು ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷದ ಮೇಲೆ ಮಾಲು ನೋಡುವ ಕೆಲಸ ಮಾಡಿದವರು. ರೈತರು ತಂದ ಚೀಲಕ್ಕೆ ಮೊಣಕೈ ಮುಳುಗುವಷ್ಟು ಕೈ ಇಳಿಸುವುದು, ತಳದಿಂದ ಒಂದು ಹಿಡಿ ಎತ್ತಿ ಅಂಗೈ ಮೇಲೆ ಹರಡುವುದು, ಅದರಲ್ಲಿ ಒಂದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುವುದು, ಆಮೇಲೆ ಇದು ರಾಶಿ, ಇದು ಬೆಟ್ಟೆ, ಇದು ಕೆಳದರ್ಜೆಯ ಗೊರಬಲು ಎಂದು ಹೇಳಿಬಿಡುವುದು. ಅವರು ಹೇಳಿದ ಮೇಲೆ ಮಂಡಿಯ ಯಜಮಾನರೂ ಎರಡು ಮಾತಾಡುತ್ತಿರಲಿಲ್ಲವಂತೆ. ಮಂಡಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಕಣ್ಣು, ಆ ಕೈ ಸುಮ್ಮನಿರಬೇಕಲ್ಲ! ಅಂತರ್ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಇದೆಯಲ್ಲ, ಅಲ್ಲಿಗೆ ಬಂದು ಸೇರಿಕೊಂಡರು. ಬರೆಯುವುದಕ್ಕಲ್ಲ. ಬೇರೆಯವರು ಬರೆದದ್ದಕ್ಕೆ ದರ್ಜೆ ಕೊಡುವುದಕ್ಕೆ.

ಇಂಥದ್ದೊಂದು ಕೆಲಸ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಆ ವಿಶ್ವಕೋಶದಲ್ಲಿ ಪ್ರತಿ ಲೇಖನದ ಬೆನ್ನಿಗೆ ಒಂದು ಚರ್ಚಾಪುಟ ಇರುತ್ತದೆ. ಅದರ ತಲೆಯ ಮೇಲೆ ಎರಡು ಮಾತು ಬರೆಯಬೇಕು: ಗುಣಮಟ್ಟ ಯಾವುದು, ಮಹತ್ವ ಎಷ್ಟು. ಗುಣಮಟ್ಟಕ್ಕೆ ಚುಟುಕು, ಆರಂಭ, ಪರವಾಗಿಲ್ಲ, ಉತ್ತಮ ಎಂಬ ನಾಲ್ಕು ಮೆಟ್ಟಿಲು. ಮಹತ್ವಕ್ಕೆ ಕಡಿಮೆ, ಸಾಧಾರಣ, ಹೆಚ್ಚು ಎಂಬ ಮೂರು. ಸಂಬಳವಿಲ್ಲ, ಸನ್ಮಾನವಿಲ್ಲ, ಹಾಗೆ ಬರೆದವರು ಯಾರೆಂದು ಓದುವವರಿಗೆ ತಿಳಿಯುವುದೂ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಊರುಗಳ ಮೇಲೆ ಯಾರು ನಾಲ್ಕು ಸಾಲು ಗೀಚಿದರೂ ಅದಕ್ಕೆ ದರ್ಜೆ ಹಾಕುತ್ತಿದ್ದವರು ಇವರೊಬ್ಬರೇ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಸೇರುತ್ತಿರಲಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನನಗೂ ಅವರಿಗೂ ಒಂದೇ ಒಂದು ವಾಕ್ಯಕ್ಕಾಗಿ ವರ್ಷಗಟ್ಟಲೆ ಜಟಾಪಟಿ ನಡೆಯಿತು. ಜಗಳೂರು ತಾಲ್ಲೂಕಿನ ನನ್ನ ಊರಿನ ಲೇಖನದಲ್ಲಿ ನಾನು ಬರೆದ ವಾಕ್ಯ ಅದು. "ಊರಿನ ದೊಡ್ಡ ಬಾವಿಯನ್ನು ತೋಡಿದವರು ಕೆಳಗಿನ ಕೇರಿಯ ಜನ, ನೀರು ಬಂದ ಮೇಲೆ ಅವರಿಗೆ ಅದರಲ್ಲಿ ಸೇದಲು ಬಿಡಲಿಲ್ಲ." ನಾನು ಆ ಕೇರಿಯ ಹೆಣ್ಣುಮಗಳು. ಈ ಒಂದು ಸಾಲು ಲೇಖನದಲ್ಲಿ ಉಳಿಯಬೇಕು ಎನ್ನುವುದು ನನ್ನ ಹಟವಾಗಿತ್ತು. ಆಧಾರ ಇಲ್ಲದೆ ಉಳಿಯುವುದಿಲ್ಲ ಎನ್ನುವುದು ಅವರದ್ದು.

ನಾನು ಅವರನ್ನು ಮೊದಲು ಕಂಡದ್ದು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ನಡೆದ ಕಾರ್ಯಾಗಾರದಲ್ಲಿ. ನಮ್ಮೂರಿನ ಬಗ್ಗೆ ನಾವೇ ಬರೆಯೋಣ ಅಂತ ಕರೆದಿದ್ದರು. ನಾನು ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ಕಾಲೇಜು ಹುಡುಗರ ನಡುವೆ ಬಿಳಿ ಜುಬ್ಬಾ, ಹಣೆ ತುಂಬ ವಿಭೂತಿಯ ಈ ಅಜ್ಜಪ್ಪ ಕೂತಿದ್ದು ನೋಡಿ, ಇವರಿಗೆ ಇಲ್ಲೇನು ಕೆಲಸ ಅಂದುಕೊಂಡೆ. ಸಂಜೆಗೆ ಹುಡುಗರು ಬರೆದದ್ದನ್ನೆಲ್ಲ ಅವರೇ ನೋಡಿ ಹೇಳಬೇಕಿತ್ತು. ಒಬ್ಬ ಹುಡುಗ ಹಸಿರು ಸಿರಿಯ ಮಡಿಲಲ್ಲಿ ನಗುತ್ತಿರುವ ನಮ್ಮ ಊರು ಅಂತ ಶುರು ಮಾಡಿದ್ದ. "ಊರು ನಗ್ತೈತೋ ಅಳ್ತೈತೋ ಅದು ಊರಿಗೆ ಬಿಡಪ್ಪ. ಕೆರೆ ಎಷ್ಟು ಎಕರೆ, ಅದನ್ನ ಯಾವ ಪುಸ್ತಕದಾಗೆ ನೋಡ್ದೆ, ಅದನ್ನ ಹೇಳು" ಅಂದರು. ಹುಡುಗ ಬೆಪ್ಪಾದ. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ನನ್ನ ಸರದಿ ಇನ್ನೂ ಬಂದಿರಲಿಲ್ಲ, ಅದಕ್ಕೇ ನಗು ಬಂತು.

ಗುಣಮಟ್ಟ ಬೇರೆ, ಮಹತ್ವ ಬೇರೆ ಎನ್ನುವುದನ್ನು ಅವರು ಅಂದೇ ನಮ್ಮ ತಲೆಗೆ ಹಾಕಿದರು. "ನೋಡ್ರಿ, ನಿಮ್ಮ ನ್ಯಾಮತಿ ಪಕ್ಕದಾಗೆ ಸೂರಗೊಂಡನಕೊಪ್ಪ ಐತೆ. ಲಂಬಾಣಿಗರ ಗುರು ಸೇವಾಲಾಲರು ಹುಟ್ಟಿದ ಜಾಗ. ಎಲ್ಲೆಲ್ಲಿಂದಲೋ ಜನ ಕಾಲ್ನಡಿಗೇಲಿ ಬರ್ತಾರೆ. ಅದಕ್ಕೆ ಮಹತ್ವ 'ಹೆಚ್ಚು' ಅಂತ ಬರಿಯಾಕೆ ನನ್ನ ಅಪ್ಪಣೆ ಏನೂ ಬೇಕಿಲ್ಲ. ಆದ್ರೆ ಅದರ ಮ್ಯಾಲೆ ನಾವು ನಾಕೇ ಸಾಲು ಬರೆದ್ರೆ ಗುಣಮಟ್ಟ 'ಚುಟುಕು' ಅಂತಾನೇ ಹಾಕ್ಬೇಕು. ದೊಡ್ಡ ಮಹತ್ವದ ಕೆಳಗೆ ಸಣ್ಣ ದರ್ಜೆ ಕಂಡ್ರೆ ಅದು ಆ ಊರಿಗೆ ಅವಮಾನ ಅಲ್ಲ, ನಮಗೆ" ಅಂದರು. ತಾಂಡಾದಿಂದ ಬಂದಿದ್ದ ಒಬ್ಬ ಹುಡುಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲಾಮೇಲೆ ಗುರುತು ಬೆಳೆಯಿತು. ಶಾಲೆಗೆ ರಜೆ ಇದ್ದಾಗ ಚನ್ನಗಿರಿಗೆ ಅವರ ಮನೆಗೇ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಅವರ ಹೆಂಡತಿ ಒಳಗೆ ಕರೆದು, ಪಕ್ಕದಲ್ಲೇ ಕೂರಿಸಿಕೊಂಡು ಮುದ್ದೆ, ಅವರೆಕಾಳು ಸಾರು ಬಡಿಸಿದರು. ನಾನು ಯಾರ ಪೈಕಿ, ಯಾವ ಕೇರಿ ಅಂತ ಕೇಳಲಿಲ್ಲ. ಕೇಳಲಿಲ್ಲ ಎನ್ನುವುದನ್ನು ನಮ್ಮಂಥವರು ಗಮನಿಸುತ್ತೇವೆ. ಗಮನಿಸದೆ ಉಣ್ಣುವಷ್ಟು ನಿಶ್ಚಿಂತೆ ನಮಗೆ ಇನ್ನೂ ಬಂದಿಲ್ಲ. "ಸಾರು ಬಾಳ ಚೆನ್ನಾಗೈತಮ್ಮಾ" ಅಂದೆ. ಅಮ್ಮಾರು ಗಂಡನ ಕಡೆ ಕಣ್ಣು ಹಾಯಿಸಿ, "ಅವರ ಮುಂದೆ ಹೇಳವ್ವ ಅದನ್ನ. ನಲವತ್ತು ವರ್ಷ ಆತು, ನನ್ನ ಸಾರು 'ಪರವಾಗಿಲ್ಲ' ದಾಟಿಲ್ಲ" ಅಂದರು. ಇವರು ತಲೆ ಎತ್ತದೆ, "ಉಪ್ಪು ಒಂದಿನ ಇರ್ತೈತೆ, ಒಂದಿನ ಇರಲ್ಲ. 'ಉತ್ತಮ' ಹೆಂಗೆ ಕೊಡ್ಲಿ?" ಅಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ಹೊನ್ನಾಳಿ ತಾಲ್ಲೂಕಿನ ಒಂದು ಊರಿನವರ ಪ್ರಸಂಗ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗದು. ಆ ಊರಿನ ಯುವಕರು ಮೊಬೈಲಿನಲ್ಲಿ ತಮ್ಮ ಊರಿನ ಲೇಖನ ನೋಡುತ್ತಾ ನೋಡುತ್ತಾ ಚರ್ಚಾಪುಟಕ್ಕೆ ಹೋಗಿದ್ದಾರೆ. ಅಲ್ಲಿ "ಮಹತ್ವ: ಕಡಿಮೆ" ಅಂತ ಇದೆ. ಆಗಿನ್ನೂ ನ್ಯಾಮತಿ ಬೇರೆ ತಾಲ್ಲೂಕಾಗಿ ಬಹಳ ದಿನ ಆಗಿರಲಿಲ್ಲ. ಯಾವ ಊರು ಯಾವ ಕಡೆಗೆ ಹೋಯಿತು, ಯಾವ ಕಚೇರಿಗೆ ಅಲೆಯಬೇಕು ಅಂತ ಜನಕ್ಕೆ ತಲೆಬಿಸಿ ಇದ್ದ ಕಾಲ. ಸರಿ, ಸರ್ಕಾರದವರು ನಮ್ಮ ಊರನ್ನು ಕಡಿಮೆ ಮಹತ್ವದ ಪಟ್ಟಿಗೆ ಹಾಕಿಬಿಟ್ಟರು, ಇನ್ನು ಹೈಸ್ಕೂಲು ಹೋಯಿತು, ಬಸ್ಸೂ ಹೋಯಿತು ಅಂತ ಊರೆಲ್ಲ ಗುಲ್ಲು. ಯಾರೋ ಪತ್ತೆ ಮಾಡಿ ಹೇಳಿದ್ದಾರೆ, ಹಾಕಿದವರು ಚನ್ನಗಿರಿಯಲ್ಲಿದ್ದಾರೆ ಅಂತ. ಪಂಚಾಯ್ತಿ ಮೆಂಬರರೂ ಸೇರಿ ಹತ್ತು ಜನ ಬೈಕುಗಳಲ್ಲಿ ಮನವಿ ಪತ್ರದ ಸಮೇತ ಇವರ ಮನೆ ಬಾಗಿಲಿಗೆ ಬಂದರು. ನಾನೂ ಅವತ್ತು ಅಲ್ಲೇ ಇದ್ದೆ.

ಇವರು ಎಲ್ಲರಿಗೂ ಚಾ ಕೊಡಿಸಿ, ನಾನು ಸರ್ಕಾರದವನಲ್ಲ, ಇದಕ್ಕೂ ಬಸ್ಸಿಗೂ ಸಂಬಂಧ ಇಲ್ಲ, ಓದೋ ಜನ ಆ ಲೇಖನ ಎಷ್ಟು ಹುಡುಕ್ಕೊಂಡು ಬರ್ತಾರೆ ಅನ್ನೋದರ ಅಂದಾಜು ಅಷ್ಟೇ ಅಂತ ಬಿಡಿಸಿ ಬಿಡಿಸಿ ಹೇಳಿದರು. ಮೆಂಬರರು ಎಲ್ಲ ಕೇಳಿ, ಲೋಟ ಕೆಳಗಿಟ್ಟು, "ಅದೆಲ್ಲ ಸರಿ ಸಾರ್. 'ಹೆಚ್ಚು' ಬ್ಯಾಡ, ಬಿಡ್ರಿ. 'ಸಾಧಾರಣ'ನಾದ್ರೂ ಮಾಡ್ರಿ, ಊರಿಗೆ ಹೋಗಿ ಮುಖ ತೋರಿಸ್ಬೇಕು" ಅಂದರು. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ಇವರು ಮಾಡಲಿಲ್ಲ. ಬೇಡಿದರೆ ಬದಲಾಗುವ ದರ್ಜೆ ದರ್ಜೆಯೇ ಅಲ್ಲ ಅನ್ನುವವರು. ಆದರೆ ಬಂದವರನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ನಿಮ್ಮ ಊರ ಕೆರೆಗೆ ಹಳೇ ಕಲ್ಲಿನ ತೂಬು ಐತಲ್ಲ, ಅದರ ಮೇಲೆ ಶಾಸನ ಐತಂತಲ್ಲ, ಅದನ್ನು ಯಾವ ಪುಸ್ತಕದಲ್ಲಿ ಅಚ್ಚು ಹಾಕ್ಯಾರೆ ಹುಡುಕ್ರಿ, ಬರೀರಿ, ಆಮೇಲೆ ನೋಡಾಣ ಅಂದರು. ಊರವರು ಹುಡುಕಿದರು! ತಿಂಗಳಾನುಗಟ್ಟಲೆ ಹುಡುಕಿ, ಪುಸ್ತಕ, ಪುಟ ಎಲ್ಲ ಹಿಡಿದು ತಂದು ಬರೆದರು. ಹೊರಗಿನವರೂ ಆ ಶಾಸನದ ಸಲುವಾಗಿ ಲೇಖನ ನೋಡಲಿಕ್ಕೆ ಶುರುವಾಯಿತು. ಇವರು ಮಹತ್ವವನ್ನು "ಸಾಧಾರಣ"ಕ್ಕೆ ಏರಿಸಿದರು. ಮುಂದಿನ ವಾರ ಆ ಊರ ಬಸ್‌ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸು: "ನಮ್ಮ ಗ್ರಾಮಕ್ಕೆ ಸಾಧಾರಣ ದರ್ಜೆ ದೊರಕಿಸಿಕೊಟ್ಟ ಮಹನೀಯರಿಗೆ ಅಭಿನಂದನೆಗಳು." ಇವರ ಫೋಟೋ ಬೇರೆ! ಇವರು ಸಂಕೋಚದಿಂದ ಒಂದು ತಿಂಗಳು ಹೊನ್ನಾಳಿ ದಿಕ್ಕಿಗೆ ತಲೆ ಹಾಕಲಿಲ್ಲ.

ಇನ್ನು ನನ್ನ ಸರದಿ.

ನಮ್ಮ ಊರಿನ ಲೇಖನವನ್ನು ಮೊದಲು ಬರೆದವರು ಯಾರೋ ನನಗೆ ಗೊತ್ತಿಲ್ಲ. ಅದರಲ್ಲಿ "ಊರಿನ ದೊಡ್ಡ ಬಾವಿಯನ್ನು ಗೌಡರ ಮನೆತನದವರು ಕಟ್ಟಿಸಿದರು" ಅಂತಿತ್ತು. ಕೆಳಗೆ ಅಡಿಟಿಪ್ಪಣಿಯೂ ಇತ್ತು: ದೇವಸ್ಥಾನದ ಜೀರ್ಣೋದ್ಧಾರ ಆದಾಗ ತಂದ ಸ್ಮರಣ ಸಂಚಿಕೆ, ಇಂಥ ಪುಟ. ಇವರು ಅದಕ್ಕೆ "ಪರವಾಗಿಲ್ಲ" ದರ್ಜೆ ಕೊಟ್ಟಿದ್ದರು. ನಾನು ಅದರ ಕೆಳಗೆ ನನ್ನ ವಾಕ್ಯ ಸೇರಿಸಿದೆ. ಮಾರನೇ ದಿನವೇ ಅದರ ಮುಂದೆ "ಆಧಾರ ಬೇಕಾಗಿದೆ" ಎಂಬ ಬಾಲ ಬಂದು ಕೂತಿತು. ಹದಿನೈದು ದಿನ ಕಾದು, ಆಧಾರ ಬರಲಿಲ್ಲ ಅಂತ ವಾಕ್ಯವನ್ನೇ ತೆಗೆದರು. ನಾನು ಮತ್ತೆ ಹಾಕಿದೆ. ಅವರು ಮತ್ತೆ ತೆಗೆದರು. ಹೀಗೇ ಎರಡು ವರ್ಷ ಹಾಕುವುದು, ತೆಗೆಯುವುದು. ಎದುರು ಸಿಕ್ಕಾಗ ಮಾತ್ರ ಇಬ್ಬರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಒಂದು ದಿನ ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಿದ್ದಾಗ ನನ್ನ ತಾಳ್ಮೆ ಕಿತ್ತುಕೊಂಡು ಹೋಯಿತು. "ನಿಮ್ಮೋರು ಬರೆದಿದ್ದು ಆಧಾರ, ನಮ್ಮಜ್ಜಿ ಬಾಯಿಂದ ಬಂದಿದ್ದು ಆಧಾರ ಅಲ್ಲ, ಅಲ್ಲೇನ್ರಿ? ನಮ್ಮ ಜನಕ್ಕೆ ಅಚ್ಚು ಹಾಕಿಸೋ ಯೋಗ್ಯತೆ ಇದ್ದಿದ್ರೆ ಬಾವಿ ನೀರಿಗೆ ಯಾಕ್ರೀ ಕೊಡ ಹಿಡ್ಕೊಂಡು ಕಾಯ್ತಿದ್ರು?" ಅಂದೆ. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಅವರ ಮುಖ ಸಣ್ಣದಾಯಿತು. "ನೀವು ಹೇಳಿದ್ದು ಸುಳ್ಳು ಅಂತ ನಾನು ಯಾವತ್ತೂ ಅಂದಿಲ್ಲ ಟೀಚರಮ್ಮ. ಆಧಾರ ಇಲ್ಲ ಅಂದೆ. ಅವೆರಡೂ ಬ್ಯಾರೆ ಬ್ಯಾರೆ" ಅಂದರು. "ನಿಮಗೆ ಬ್ಯಾರೆ ಇರಬೋದು, ನಮಗೆ ಎರಡೂ ಒಂದೇ" ಅಂದು ಎದ್ದು ಬಂದೆ. ನ್ಯಾಮತಿ ತಲುಪುವವರೆಗೂ ಮೈ ಉರಿಯುತ್ತಲೇ ಇತ್ತು. ಫೋನು ಮಾಡಲಿಲ್ಲ. ಅವರೂ ಮಾಡಲಿಲ್ಲ.

ಮೂರು ತಿಂಗಳಾದ ಮೇಲೆ, ಒಂದು ಭಾನುವಾರ ಬಟ್ಟೆ ಒಗೆಯುತ್ತಿದ್ದೆ, ಫೋನು ಬಂತು. ನಮಸ್ಕಾರ ಗಿಮಸ್ಕಾರ ಏನಿಲ್ಲ. "ಟೀಚರಮ್ಮ, ನಾನು ಸೀಳಿ ನೋಡಿರ್ಲಿಲ್ಲ" ಅಂದರು.

ನಡೆದದ್ದು ಇಷ್ಟು. ನನ್ನ ಮಾತು ಅವರನ್ನು ಚುಚ್ಚುತ್ತಲೇ ಇತ್ತು. ಕೊನೆಗೆ ಆ ಸ್ಮರಣ ಸಂಚಿಕೆ ಹುಡುಕಿಕೊಂಡು ಹೊರಟಿದ್ದಾರೆ. ಯಾರ ಯಾರದ್ದೋ ಕಾಲು ಹಿಡಿದು, ಒಂದು ಹಳೆಯ ಪ್ರತಿ ಸಂಪಾದಿಸಿ, ಅಡಿಟಿಪ್ಪಣಿ ಹೇಳಿದ ಪುಟ ತೆರೆದರೆ ಅಲ್ಲಿ ಲೇಖನವೇ ಇಲ್ಲ! ದೇವಸ್ಥಾನಕ್ಕೆ ಶುಭ ಕೋರುವವರ ಜಾಹೀರಾತು. ಬಾವಿ ಕಟ್ಟಿಸಿದ ವಂಶದವರಿಂದ ಶುಭಾಶಯಗಳು ಅಂತ ಆ ಮನೆಯವರೇ ಹಾಕಿಸಿಕೊಂಡದ್ದು. ಕೈಯನ್ನು ತಳಕ್ಕೇನೋ ಹಾಕಿದ್ದರು, ಅಡಿಟಿಪ್ಪಣಿ ಕೈಗೆ ಸಿಕ್ಕಿತ್ತು, ಆದರೆ ಅದನ್ನು ಒಡೆದು ಒಳಗೇನಿದೆ ಅಂತ ನೋಡಿರಲಿಲ್ಲ. ಮಂಡಿಯಲ್ಲಿ ಒಂದು ದಿನವೂ ಮಾಡದ ತಪ್ಪನ್ನು ನಿಮ್ಮೂರ ಬಾವಿ ವಿಷಯದಾಗೆ ಮಾಡಿದೆ ಅಂದರು. ಚರ್ಚಾಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು: "ಹಿಂದೆ ಕೊಟ್ಟ ದರ್ಜೆ ನನ್ನ ತಪ್ಪು." ಗೌಡರ ವಾಕ್ಯವನ್ನು ತೆಗೆದರು, ದರ್ಜೆಯನ್ನು "ಆರಂಭ"ಕ್ಕೆ ಇಳಿಸಿದರು.

ನನಗೆ ಸಮಾಧಾನ ಆಗಬೇಕಿತ್ತು. ಇನ್ನಷ್ಟು ಸಿಟ್ಟು ಬಂತು! "ಭೇಷಾತು ಬಿಡ್ರಿ. ಅವರದ್ದೂ ಹೋತು, ನಮ್ಮದೂ ಹೋತು. ಈಗ ಊರಾಗೆ ಬಾವಿನೇ ಇಲ್ದಂಗಾತು" ಅಂದೆ. ಅವರು ಆ ಕಡೆಯಿಂದ ಸಣ್ಣಗೆ ನಕ್ಕರು. ಆಮೇಲೆ, "ನಿಮ್ಮಜ್ಜಿ ಇದಾರೇನ್ರಿ? ಮಾತಾಡಾಕೆ ಬರ್ತೈತೇನು? ನಾನು ಬರ್ತೀನಿ" ಅಂದರು.

ಆ ವಯಸ್ಸಿನಲ್ಲಿ ಚನ್ನಗಿರಿಯಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಜಗಳೂರಿನಿಂದ ಆಟೋದಲ್ಲಿ ನಾನೇ ಕರೆದುಕೊಂಡು ಹೋದೆ. ನಮ್ಮ ಮನೆ ಜಗಲಿಯ ಮೇಲೆ, ಬುದ್ಧನ ಪಟದ ಕೆಳಗೆ ಅಜ್ಜಿ ಕೂತಿದ್ದಳು. ವಿಭೂತಿ ಹಚ್ಚಿಕೊಂಡವರು ಹಾಗೆ ನಮ್ಮ ಜಗಲಿ ಹತ್ತಿ ಕೂತದ್ದನ್ನು ಅವಳು ತನ್ನ ಜೀವಮಾನದಲ್ಲಿ ಎಷ್ಟು ಸಲ ಕಂಡಿದ್ದಳೋ. ಸಂಶಯದಿಂದಲೇ ನೋಡಿ, "ಯಾವೂರಪ್ಪ? ಏನು ಕೆಲಸ ಮಾಡ್ತೀಯ?" ಅಂದಳು.

"ಅಡಿಕೆ ನೋಡೋ ಕೆಲಸ ಮಾಡ್ತಿದ್ದೆ ಅಜ್ಜಿ."

ಅಜ್ಜಿ ಸೊಂಟದ ಎಲೆ-ಅಡಿಕೆ ಚೀಲ ಬಿಚ್ಚಿ ಒಂದು ಅಡಿಕೆ ತೆಗೆದು ಅವರ ಕೈಗೆ ಹಾಕಿದಳು. "ಹಂಗಾರೆ ಇದನ್ನ ನೋಡು."

ಅವರು ತಿರುಗಿಸಿ ನೋಡಿ, "ನಿನಗೆ ಯಾರೋ ಟೋಪಿ ಹಾಕ್ಯಾರೆ ಕಣಜ್ಜಿ. ಇದು ಗೊರಬಲು" ಅಂದರು. ಅಜ್ಜಿ ಇದ್ದ ಎರಡು ಹಲ್ಲು ಕಾಣುವಂತೆ ನಕ್ಕಳು. "ಸುಳ್ಳು ಹೇಳಾಕೆ ಬರಲ್ಲ ಇವನಿಗೆ" ಅಂತ ನನ್ನ ಕಡೆ ತಿರುಗಿ ಹೇಳಿದಳು. ಅಲ್ಲಿಂದ ಮುಂದೆ ನನ್ನ ಅವಶ್ಯಕತೆಯೇ ಬೀಳಲಿಲ್ಲ.

ಅಜ್ಜಿ ಹೇಳುತ್ತಾ ಹೋದಳು. ಅವಳು ಆಗ ಲಂಗ ತೊಟ್ಟ ಹುಡುಗಿ. ಗಂಡಸರು ತೋಡುತ್ತಿದ್ದರು, ಅವಳೂ ಅವಳವ್ವನೂ ಮಣ್ಣು ಹೊರುತ್ತಿದ್ದರು. ನಡುವೆ ಬಂಡೆ ಸಿಕ್ಕಿತು. ಬಂಡೆ ಒಡೆಯುವಾಗ ಅವಳ ಚಿಕ್ಕಪ್ಪನ ಕೈ ಹೋಯಿತು. ನೀರು ಉಕ್ಕಿದ ದಿನ ಎಲ್ಲರೂ ಬಾವಿಯೊಳಗೇ ಕುಣಿದರು. "ಮಾರನೇ ದಿನ ಐನೋರನ್ನ ಕರೆಸಿ ಪೂಜೆ ಮಾಡಿಸಿದ್ರು. ನಮ್ಮನ್ನ ಬೇವಿನ ಮರದ ಹತ್ರ ನಿಂದ್ರಿಸಿದ್ರು. ಅವತ್ತಿಂದ ಅವರು ಸೇದಿ ಹಾಕ್ಬೇಕು, ನಾವು ಕೊಡ ಹಿಡಕಂಡು ಕಾಯ್ಬೇಕು. ನಾವೇ ಇಳಿದು ತೋಡಿದ ಬಾವಿ ಕಣಪ್ಪ" ಅಂದಳು.

ನಾನು ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಸಿಟ್ಟು ಬರುತ್ತದೆ. ಅವರು ಮಾತ್ರ ಅಯ್ಯೋ ಪಾಪ ಅನ್ನಲಿಲ್ಲ, ಕಣ್ಣೀರು ಹಾಕಲಿಲ್ಲ. "ಅಜ್ಜಿ, ಅಷ್ಟು ಮಣ್ಣು ಹೊತ್ರಲ್ಲ, ಎಲ್ಲಿ ಹಾಕಿದ್ರಿ?" ಅಂತ ಕೇಳಿದರು.

ಅಜ್ಜಿ ಅವರನ್ನು ದಿಟ್ಟಿಸಿ ನೋಡಿದಳು. ಆಮೇಲೆ ತಾನು ಕೂತ ಜಗಲಿಯನ್ನು ಅಂಗೈಯಿಂದ ತಟ್ಟಿದಳು. "ಇಲ್ಲೇ. ಕೇರಿಗೆ ಮಳೆ ನೀರು ನುಗ್ಗತಿತ್ತು, ತಗ್ಗು ಜಾಗ. ಆ ಮಣ್ಣೇ ಹಾಕಿ ಎತ್ತರಿಸ್ಕೊಂಡ್ವಿ. ಈ ದಿಬ್ಬ ಎಲ್ಲ ಬಾವಿ ಮಣ್ಣೇ."

ನಾನು ಹುಟ್ಟಿ ಬೆಳೆದ ಮನೆ. ಈ ಮಾತು ನನಗೇ ಗೊತ್ತಿರಲಿಲ್ಲ. ಯಾಕೆಂದರೆ ನಾನು ಕೇಳಿರಲೇ ಇಲ್ಲ. ಅವರು ಎದ್ದು ಹೋಗಿ, ಬಿಸಿಲಿನಲ್ಲೇ ದಿಬ್ಬವನ್ನು ಸುತ್ತಿ ಬಂದರು. ಹಿತ್ತಿಲಲ್ಲಿ ಪಾಯ ತೆಗೆಯಲು ಅಗೆದಿದ್ದ ಕಡೆ ಬಗ್ಗಿ, ಒಂದು ಹಿಡಿ ತೆಗೆದು ನೋಡಿದರು. ಸುತ್ತಲಿನ ಹೊಲದ ಕಪ್ಪು ಎರೆಯಲ್ಲ ಅದು, ಬಿಳಿ ಸುಣ್ಣಗಲ್ಲಿನ ಚೂರು ಬೆರೆತ ಮಣ್ಣು. ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದರು, ಒಳಗೋಡೆಯ ತುಂಬ ಅದೇ ಬಿಳಿ.

ಅಲ್ಲಿಗೂ ಬಿಡಲಿಲ್ಲ. ಆ ಕಡೆಯವರನ್ನೂ ಕೇಳಬೇಕು ಅಂದರು. ನಾನು ಬೇಡವೆಂದೆ. "ಒಂದೇ ಚೀಲ ನೋಡಿ ದರ್ಜೆ ಹೇಳಾಕೆ ಆಗಲ್ಲ" ಅಂತ ಒಬ್ಬರೇ ನಡೆದುಕೊಂಡು ಗೌಡರ ಮೊಮ್ಮಗನ ಗೊಬ್ಬರದ ಅಂಗಡಿಗೆ ಹೋದರು. ನಾನು ಮನೆಯಲ್ಲಿ ದಾರಿ ನೋಡುತ್ತಾ ಕೂತಿದ್ದೆ. ಆತ ಇಲ್ಲ ಅಂದುಬಿಟ್ಟರೆ ಇವರು ಅದನ್ನೂ ಬರೆಯುತ್ತಾರೆ, ಅಷ್ಟು ಗೊತ್ತಿತ್ತು ನನಗೆ. ಅರ್ಧ ಗಂಟೆ ಬಿಟ್ಟು ಬಂದರು. ಆತ ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಆತನ ಸಹಿಯನ್ನೂ ಹಾಕಿಸಿಕೊಂಡಿದ್ದರು: "ದುಡ್ಡು ಹಾಕಿದ್ದು ನಮ್ಮಜ್ಜ. ತೋಡಿದ್ದು ಅವರು. ಸೇದಾಕೆ ಬಿಡ್ಲಿಲ್ಲ ಅನ್ನೋದೂ ಖರೆ. ಊರಿಗೆಲ್ಲ ಗೊತ್ತಿರೋದೇ. ಇಲ್ಲೀತನಕ ಯಾರೂ ಬಂದು ಕೇಳ್ಲಿಲ್ಲ."

ಜೀವನದಲ್ಲಿ ಒಂದು ಪುಟ ಬರೆಯದವರು ಕೂತು ಬರೆದರು. ಅಜ್ಜಿಯ ಮಾತು, ಗೌಡರ ಮೊಮ್ಮಗನ ಮಾತು, ಮಣ್ಣಿನ ಬಣ್ಣ, ಮೂರನ್ನೂ. ಒಂದು ವಿಶೇಷಣ ಇಲ್ಲ ಅದರಲ್ಲಿ. ಜಿಲ್ಲೆಯ ಒಂದು ವಾರಪತ್ರಿಕೆಯವರು ಗೌಡರ ಮೊಮ್ಮಗನಿಗೆ ಫೋನು ಮಾಡಿ ವಿಚಾರಿಸಿ, ಅಚ್ಚು ಹಾಕಿದರು. ನಾನು ಕುಣಿದುಬಿಟ್ಟೆ. "ಸಾರ್, ಆಧಾರ ಬಂತಲ್ಲ! ಇವತ್ತೇ ಸೇರಿಸ್ರಿ, 'ಉತ್ತಮ' ಕೊಡ್ರಿ" ಅಂದೆ.

"ಅದು ಹೆಂಗಾಗ್ತೈತೆ? ಬರೆದೋನು ನಾನು. ನಾನೇ ಬರೆದಿದ್ದನ್ನ ನಾನೇ ಆಧಾರ ಅಂತ ಹಾಕಿ, ನಾನೇ ದರ್ಜೆ ಕೊಡೋದಾ? ಮಾಲು ತಂದೋನೇ ಮಾಲು ನೋಡಿದಂಗಾಗ್ತೈತೆ" ಅಂದರು. ಹಾಗಾದರೆ ನಾನು ಸೇರಿಸುತ್ತೇನೆ ಅಂದೆ. "ನೀವು ಅಜ್ಜಿ ಮೊಮ್ಮಗಳು. ಅದೂ ಬ್ಯಾಡ. ಯಾರಾದ್ರೂ ಹೊರಗಿನೋರು, ಸಂಬಂಧ ಇಲ್ಲದೋರು ನೋಡಿ ಹಾಕ್ಲಿ" ಅಂದರು. ಚರ್ಚಾಪುಟದಲ್ಲಿ ಎಲ್ಲ ವಿವರ ಬರೆದು, ಪತ್ರಿಕೆಯ ಪುಟ ತೋರಿಸಿ, ಕೊನೆಗೆ "ನನಗೂ ಇದಕ್ಕೂ ಸಂಬಂಧ ಇರುವುದರಿಂದ ಇನ್ನು ಮುಂದೆ ಈ ಲೇಖನಕ್ಕೆ ನಾನು ದರ್ಜೆ ಕೊಡುವುದಿಲ್ಲ. ಬೇರೆ ಯಾರಾದರೂ ದಯವಿಟ್ಟು ಪರಿಶೀಲಿಸಿ" ಅಂತ ಕೇಳಿಕೊಂಡರು.

ಯಾರೂ ಬರಲಿಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಬಾವಿಯನ್ನು ನೋಡಲು ಯಾರು ಬರುತ್ತಾರೆ? ವರ್ಷ ಕಳೆಯಿತು. ಬೆಳಿಗ್ಗೆ ಚಾ ಕುಡಿಯುವ ಮೊದಲು ಆ ಪುಟ ತೆರೆದು ನೋಡುತ್ತಿದ್ದರೆಂದು ಅಮ್ಮಾರು ಆಮೇಲೆ ಹೇಳಿದರು. ನಾನಂತೂ ಎದುರಿಗೇ ಆಡಿಕೊಳ್ಳುತ್ತಿದ್ದೆ: "ನಿಮ್ಮ ನ್ಯಾಯ ಕಟ್ಕೊಂಡು ಅಜ್ಜಿ ಎಷ್ಟು ದಿನ ಕಾಯ್ಬೇಕು ಸಾರ್?" ಆ ಮಾತಿಗಾಗಿ ಈಗ ನನಗೆ ಸಂಕಟವಾಗುತ್ತದೆ.

ಹೋದ ಬೇಸಿಗೆಯಲ್ಲಿ ಹೋಗಿಬಿಟ್ಟರು. ಬೆಳಿಗ್ಗೆ ಎದೆ ನೋವೆಂದರಂತೆ, ಆಸ್ಪತ್ರೆಯ ಬಾಗಿಲಲ್ಲೇ ಮುಗಿಯಿತಂತೆ. ಮಣ್ಣಿಗೆ ನಾನೂ ಹೋಗಿದ್ದೆ. ಮಂಡಿಯ ಹಮಾಲರು ಕೆಲಸ ಬಿಟ್ಟು ಬಂದಿದ್ದರು. ಆ ಹೊನ್ನಾಳಿ ಕಡೆಯ ಊರಿನವರೂ ಬಂದಿದ್ದರು. ವಿಶ್ವಕೋಶದಿಂದ ಬಂದವಳು ನಾನೊಬ್ಬಳೇ.

ಹನ್ನೊಂದನೇ ದಿನ ಕಳೆದ ಮೇಲೆ ನಾನು ಆ ಪುಟ ತೆರೆದು ಕೂತೆ. ಅವರ ಮಾತು ಮೀರಬೇಕೋ ಬೇಡವೋ ಅಂತ ಬಹಳ ಹೊಯ್ದಾಡಿದೆ. ಕೊನೆಗೆ ಚರ್ಚಾಪುಟದಲ್ಲಿ ಮೊದಲು ಬರೆದೆ: "ನಾನು ಆ ಕೇರಿಯವಳು. ಮಣ್ಣು ಹೊತ್ತವಳ ಮೊಮ್ಮಗಳು. ಇದರಲ್ಲಿ ನನ್ನ ಸ್ವಾರ್ಥ ಇದೆ. ವರ್ಷಕ್ಕೂ ಮೇಲೆ ಯಾರೂ ಬರಲಿಲ್ಲ, ಅದಕ್ಕೆ ನಾನೇ ಸೇರಿಸುತ್ತಿದ್ದೇನೆ. ತಪ್ಪೆನಿಸಿದರೆ ತೆಗೆಯಿರಿ." ಆಮೇಲೆ ಲೇಖನದ ಕೆಳಭಾಗದಲ್ಲಿ, ಇತರೆ ಮಾಹಿತಿ ಎನ್ನುವ ಕಡೆ ಆ ವಾಕ್ಯ ಸೇರಿಸಿದೆ. ಅಡಿಟಿಪ್ಪಣಿಯಲ್ಲಿ ಅವರ ಹೆಸರು, ಪತ್ರಿಕೆ, ಪುಟ. ದರ್ಜೆಯನ್ನು ಮುಟ್ಟಲಿಲ್ಲ.

ನಾಲ್ಕನೇ ದಿನ ಯಾರೋ ತಿದ್ದಿದ್ದಾರೆ ಅಂತ ಸೂಚನೆ ಬಂತು. ತೆಗೆದೇಬಿಟ್ಟರು ಅಂದುಕೊಂಡೇ ತೆರೆದೆ. ವಾಕ್ಯ ಕೆಳಗೆ ಇರಲಿಲ್ಲ. ಹುಡುಕುತ್ತಾ ಮೇಲಕ್ಕೆ ಹೋದರೆ, ಲೇಖನದ ಮೊದಲ ಪ್ಯಾರಾದಲ್ಲಿ, ಊರು ಎಲ್ಲಿದೆ ಎಂದು ಹೇಳಿದ ಮರುಸಾಲಿನಲ್ಲೇ ಅದು ಕೂತಿತ್ತು. ನಾನು ಕಂಡು ಕೇಳರಿಯದ ಯಾರೋ ಒಬ್ಬರು ಅಲ್ಲಿಗೆ ಎತ್ತಿ ಇಟ್ಟಿದ್ದರು. ಕಾರಣ ಬರೆಯುವ ಜಾಗದಲ್ಲಿ, "ಆಧಾರ ನೋಡಿದೆ, ಸರಿ ಇದೆ. ಈ ಊರಿನ ಬಗ್ಗೆ ಮೊದಲು ತಿಳಿಯಬೇಕಾದ್ದು ಇದೇ" ಅಂತಿತ್ತು. ಅವರಿಗೆ ಹೇಳೋಣವೆಂದು ಫೋನಿನಲ್ಲಿ ಅವರ ನಂಬರು ತೆಗೆದುಬಿಟ್ಟಿದ್ದೆ. ಆಮೇಲೆ ನೆನಪಾಯಿತು. ಸ್ಟಾಫ್ ರೂಮಿನಲ್ಲೇ ಕೂತು ಅತ್ತೆ.

ಶನಿವಾರ ಊರಿಗೆ ಹೋಗಿ ಅಜ್ಜಿಗೆ ಓದಿ ಹೇಳಿದೆ. "ಇನ್ನೊಂದ್ ಸಲ ಓದು" ಅಂದಳು. ಓದಿದೆ. ಮೂರನೇ ಸಲವೂ ಓದಿಸಿದಳು. ಆಮೇಲೆ, "ಇದನ್ನ ಯಾರು ಬೇಕಾದ್ರೂ ಅಳಿಸ್ಬೋದು ಅಂತಿದ್ಯಲ್ಲ ನೀನು?" ಅಂತ ಕೇಳಿದಳು.

"ಹ್ಞೂಂ ಅಜ್ಜಿ, ಅಳಿಸ್ಬೋದು."

"ಅಳಿಸಿದ್ರೆ ಅಳಿಸ್ಲಿ ಬಿಡು. ಒಬ್ಬನಾದ್ರೂ ಬಂದು ಕೇಳಿದ್ನಲ್ಲವ್ವ, ಮಣ್ಣು ಎಲ್ಲಿ ಹಾಕಿದ್ರಿ ಅಂತ. ಅವನಿಗೆ ಹೇಳು, ಒಂದಿನ ಬಂದು ಉಂಡು ಹೋಗ್ಲಿ."

ಹೇಳ್ತೀನಿ ಅಂದೆ. ಅವರು ಇಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.